ದ್ವೀಪದಲ್ಲಿ ಸೂರಿನ ನೀರು: ಮನೆಗೊಂದು ತೊಟ್ಟಿಯೋ, ಕೇರಿಗೊಂದೋ?

2019ರ ಆಗಸ್ಟ್‌ನಲ್ಲಿ ಗೋವಾದ ಖಾಂಡೇಪಾರದ ಬಳಿ ಓಪಾ ನೀರಿನ ಘಟಕದ ದೊಡ್ಡ ಕೊಳವೆಗಳು ಒಡೆದು ತಿಸ್ವಾಡಿ, ಫೋಂಡಾ ತಾಲ್ಲೂಕುಗಳ ನಳಗಳು ಹಲವು ದಿನ ಒಣಗಿದ್ದವು. ಹೊರಗೆ ಜಡಿಮಳೆ, ಒಳಗೆ ಖಾಲಿ ಕೊಡ. ಮಾಂಡೋವಿ ನದಿಯ ನಡುವಿರುವ ದಿವಾಡಿ, ಚೊಡಣ ದ್ವೀಪಗಳು ಸೇರುವುದೂ ತಿಸ್ವಾಡಿಗೇ. ದಿವಾಡಿಗೆ ಟ್ಯಾಂಕರ್ ಬರಬೇಕಾದರೂ ಫೆರಿ ಹತ್ತಬೇಕು.

ಗದಗ, ಬಾಗಲಕೋಟೆ, ವಿಜಯಪುರ ಕಡೆಯಿಂದ ಗೋವಾಕ್ಕೆ ಬಂದು ಖೋಲಿ ಹಿಡಿದಿರುವವರು, ಇಲ್ಲೇ ಮನೆ ಕಟ್ಟಿಕೊಂಡವರು ಮಳೆನೀರಿನ ಬಗ್ಗೆ ಕೇಳುವಾಗ ಎರಡು ಬೇರೆ ತೊಂದರೆಗಳನ್ನು ಒಂದೇ ಮಾಡಿಬಿಡುತ್ತಾರೆ. ಮಳೆಗಾಲದಲ್ಲಿ ನಳ ನಿಂತರೆ ಬೇಕಾಗುವುದು ವಾರದ ನೀರು. ಬೇಸಿಗೆಯಲ್ಲಿ ಹೊಳೆ ಉಪ್ಪಾಗಿ, ಖಾಜನ್ ಗದ್ದೆಯ, ಅಂದರೆ ಉಬ್ಬರದ ಉಪ್ಪುನೀರನ್ನು ಒಡ್ಡು ಹಾಕಿ ತಡೆದ ತಗ್ಗು ಗದ್ದೆಯ, ಅಂಚಿನ ಬಾವಿಯೂ ಸವಳಾದರೆ ಬೇಕಾಗುವುದು ಎಂಟು ತಿಂಗಳ ನೀರು. ಮೊದಲನೆಯದಕ್ಕೆ ಮುಚ್ಚಳವಿರುವ 200 ಲೀಟರಿನ ಡ್ರಮ್ಮು ಸಾಕು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಅಂದರೆ ಎಂಟು ದಿನ ಬರುತ್ತದೆ, ಅಷ್ಟರಲ್ಲಿ ಇನ್ನೊಂದು ಮಳೆ ಬಂದಿರುತ್ತದೆ. ಡ್ರಮ್ಮು ಮಾತ್ರ ಹಣ್ಣಿನ ರಸವೋ ಖಾದ್ಯ ಎಣ್ಣೆಯೋ ತುಂಬಿದ್ದದ್ದಾಗಿರಲಿ. ಬಣ್ಣ, ಔಷಧಿ ಕಾರ್ಖಾನೆಯ ನೀಲಿ ಡ್ರಮ್ಮನ್ನು ಎಷ್ಟು ತಿಕ್ಕಿದರೂ ಕುಡಿಯುವ ನೀರಿಗೆ ಬಳಸಬಾರದು. ಇನ್ನು ಮುಂದಿನ ಮಾತೆಲ್ಲ ಎರಡನೆಯ ತೊಂದರೆಯದು.

ಮೊದಲು ಲೆಕ್ಕ

ಮಳೆ ನಕ್ಷತ್ರ ಹಿಡಿದು ಎಣಿಸುವವರಿಗೆ ಇದು ಸುಲಭ. ಪಶ್ಚಿಮ ಕರಾವಳಿಯಲ್ಲಿ ನೆಚ್ಚಿಕೊಳ್ಳಬಹುದಾದ ಮಳೆ ಹಸ್ತದ ಹೊತ್ತಿಗೆ, ಅಂದರೆ ಅಕ್ಟೋಬರ್ 10ರ ಸುಮಾರಿಗೆ ಮುಗಿಯುತ್ತದೆ. ಮತ್ತೆ ಹಿಡಿಯುವಂಥ ಮಳೆ ಮೃಗಶಿರಾದ ನಡುವಿಗೆ, ಜೂನ್ 15ರ ಆಸುಪಾಸಿನಲ್ಲಿ. ನಡುವೆ ಸುಮಾರು 250 ದಿನ. ಒಬ್ಬರಿಗೆ ದಿನಕ್ಕೆ 5 ಲೀಟರಿನಂತೆ ಐದು ಜನಕ್ಕೆ 6,250 ಲೀಟರ್. ನೆಂಟರು, ಜಾತ್ರೆ, ತೊಟ್ಟಿಯ ತಳದಲ್ಲಿ ಉಳಿಯುವ ಗಸಿ ಎಂದು ಇನ್ನೊಂದಿಷ್ಟು ಸೇರಿಸಿ 7,500 ಲೀಟರ್ ಅನ್ನಿ. ಇಪ್ಪತ್ತು ಮನೆಗೆ ಒಂದೂವರೆ ಲಕ್ಷ ಲೀಟರ್. ಸ್ನಾನ, ಬಟ್ಟೆ, ಪಾತ್ರೆಯ ನೀರನ್ನು ಈ ಲೆಕ್ಕಕ್ಕೆ ಸೇರಿಸಿದಿರೋ, ತೊಟ್ಟಿಯ ಗಾತ್ರ ಹತ್ತು ಪಟ್ಟಾಗಿ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ಗೋವಾದ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಹೆಂಚಿನ ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ, ಬಿದ್ದದ್ದರ ನೂರಕ್ಕೆ 80 ಭಾಗ ಕೈಗೆ ಸಿಕ್ಕರೂ ಒಂದು ಚದರ ಮೀಟರಿಗೆ 2,400 ಲೀಟರ್. ಒಂದು ಕುಟುಂಬದ ವರ್ಷದ ಕುಡಿಯುವ ನೀರು ನಾಲ್ಕು ಚದರ ಮೀಟರಿನಲ್ಲಿ ಬಿದ್ದುಹೋಗುತ್ತದೆ! ಆದ್ದರಿಂದ ಇಲ್ಲಿ ಕೊರತೆ ಇರುವುದು ಮಾಡಿನದಲ್ಲ, ತೊಟ್ಟಿಯದು. ಬಯಲುಸೀಮೆಯಲ್ಲಿ ನೀರಿಂಗಿಸಿದವರು ಇಲ್ಲಿ ಬಂದು ಎಡವುವುದು ಈ ಜಾಗದಲ್ಲೇ: ಛಾವಣಿಯ ಮೂಲೆಮೂಲೆಗೂ ಕೊಳವೆ ಎಳೆದು ಖರ್ಚು ಮಾಡಿ, ತೊಟ್ಟಿಯನ್ನು ಮಾತ್ರ ಚಿಕ್ಕದು ಕಟ್ಟುತ್ತಾರೆ.

ಮಾಡು ದೊಡ್ಡದಿದ್ದರೆ ಸಿಗುವ ಲಾಭ ಬೇರೆ. ಜುಲೈಯಲ್ಲಿ ತುಂಬಿದ ನೀರನ್ನು ಮೇ ತನಕ ಇಡುವುದಕ್ಕಿಂತ, ಆಗಸ್ಟ್ ಕೊನೆಗೆ ತೊಟ್ಟಿ ತೊಳೆದು ಸೆಪ್ಟೆಂಬರಿನ ನೀರು ತುಂಬುವುದು ಒಳ್ಳೆಯದು. ಅಷ್ಟರಲ್ಲಿ ಮಾಡು ಮೂರು ತಿಂಗಳು ತೊಳೆದು ಹೋಗಿರುತ್ತದೆ. ಸೆಪ್ಟೆಂಬರಿನಲ್ಲಿ ಕೈಗೆ ಹತ್ತುವುದು 200 ಮಿ.ಮೀ. ಎಂದು ಕಂಜೂಸಿಯಾಗಿಯೇ ಹಿಡಿದರೆ ಚದರ ಮೀಟರಿಗೆ 160 ಲೀಟರ್, ಅಂದರೆ 50 ಚದರ ಮೀಟರಿನ ಮಾಡು 7,500 ಲೀಟರಿನ ತೊಟ್ಟಿಯನ್ನು ಆ ಒಂದು ತಿಂಗಳಲ್ಲೇ ತುಂಬುತ್ತದೆ. ಆದರೆ ಸೆಪ್ಟೆಂಬರ್ ಕೈಕೊಟ್ಟರೆ? ಅದಕ್ಕೇ ಒಂದು ದೊಡ್ಡ ತೊಟ್ಟಿಗಿಂತ ಅದೇ ಗಾತ್ರದ ಎರಡು ಭಾಗ ಒಳ್ಳೆಯದು ಎನ್ನುವುದು. ಒಂದರಲ್ಲಿ ಆಗಸ್ಟಿನ ನೀರು ಭದ್ರವಾಗಿರುತ್ತದೆ, ಇನ್ನೊಂದನ್ನು ಧೈರ್ಯವಾಗಿ ಖಾಲಿ ಮಾಡಿ ತೊಳೆಯಬಹುದು. ಒಂದು ಕಡೆ ಬಿರುಕು ಬಿಟ್ಟರೂ ವರ್ಷದ ನೀರೆಲ್ಲ ಹೋಗುವುದಿಲ್ಲ.

ಮನೆಗೊಂದೋ, ಕೇರಿಗೊಂದೋ

ಮುಂಬೈಯ ಕಾನ್ಹೇರಿ ಗುಹೆಗಳನ್ನು ನೋಡಿದವರಿಗೆ ಈ ಪ್ರಶ್ನೆ ಎಷ್ಟು ಹಳೆಯದೆಂದು ಗೊತ್ತು. ಸಾಷ್ಟಿ ಎಂಬ ದ್ವೀಪವೇ ಆಗಿದ್ದ ಆ ನೆಲದಲ್ಲಿ ಬೌದ್ಧ ಭಿಕ್ಷುಗಳ ಕೋಣೆಗಳ ಪಕ್ಕದಲ್ಲೇ ಬಂಡೆಯಲ್ಲಿ ಕೊರೆದ ಮಳೆನೀರಿನ ತೊಟ್ಟಿಗಳಿವೆ, ನೀರು ಹರಿದು ಬರಲು ಕೊರೆದ ಗೀರುಗಳಿವೆ. ಅಲ್ಲಿನ ದಾನಶಾಸನಗಳು ಗುಹೆಯ ಜೊತೆಗೆ ‘ಪೋಢಿ’ಯನ್ನೂ, ಅಂದರೆ ನೀರಿನ ತೊಟ್ಟಿಯನ್ನೂ ದಾನವೆಂದು ಹೆಸರಿಸುತ್ತವೆ. ಕೋಣೆಗೊಂದು ತೊಟ್ಟಿ ಎಂಬ ಪದ್ಧತಿ ಅವರಿಗೆ ಸರಿಹೊಂದಿತು, ಯಾಕೆಂದರೆ ಬಂಡೆ ಪುಕ್ಕಟೆ ಸಿಕ್ಕಿತ್ತು. ಸಿಮೆಂಟು, ಮರಳು ದುಡ್ಡು ಕೊಟ್ಟು ದೋಣಿಯಲ್ಲಿ ತರುವ ನಮಗೆ ಲೆಕ್ಕ ಬೇರೆ.

ಮನೆಗೊಂದು ತೊಟ್ಟಿಯಿದ್ದರೆ ಜಗಳವಿಲ್ಲ. ನೀರು ಮಿತವಾಗಿ ಖರ್ಚಾಗುತ್ತದೆ, ಕೆಟ್ಟರೆ ಒಂದೇ ಮನೆಯ ನೀರು ಕೆಡುತ್ತದೆ. ತೊಂದರೆಯೆಂದರೆ ಇಪ್ಪತ್ತು ಮನೆಗೆ ಇಪ್ಪತ್ತು ಜಾಲರಿ, ಇಪ್ಪತ್ತು ಮುಚ್ಚಳ. ಅವುಗಳಲ್ಲಿ ನಾಲ್ಕೈದನ್ನಾದರೂ ಯಾರೂ ನೋಡುವುದಿಲ್ಲ, ಸೊಳ್ಳೆ ಬೆಳೆಯುವುದು ಅಲ್ಲಿಂದಲೇ. ಬಾಡಿಗೆಯ ಖೋಲಿಯಲ್ಲಿರುವವರಿಗಂತೂ ಮಾಲೀಕರ ಮಾಡಿಗೆ ಕೊಳವೆ ಕೂಡಿಸುವ ಹಕ್ಕೇ ಇರುವುದಿಲ್ಲ.

ಕೇರಿಗೊಂದು ತೊಟ್ಟಿ ಎಂದರೆ ಸಾಮಾನ್ಯವಾಗಿ ಶಾಲೆ, ಗುಡಿ ಅಥವಾ ಚರ್ಚಿನ ಸಭಾಭವನದ 300 ಚದರ ಮೀಟರಿನ ಮಾಡು, ಕೆಳಗೆ 75,000 ಲೀಟರಿನ ಎರಡು ತೊಟ್ಟಿ. ಇಲ್ಲಿ ಸೆಪ್ಟೆಂಬರ್ ಒಂದೇ ಸಾಲದು, ಅದು ಕೊಡುವುದು 48,000 ಲೀಟರ್ ಮಾತ್ರ. ಪುನರ್ವಸು, ಪುಷ್ಯದ ಮಳೆಯಿಂದಲೇ ಮೊದಲ ತೊಟ್ಟಿಯನ್ನು ತುಂಬಿ, ಎರಡನೆಯದನ್ನು ಆಗಸ್ಟ್ ನಡುವಿನಿಂದ ತುಂಬಬೇಕು. ಇಷ್ಟಾದರೂ ಸಾಮೂಹಿಕ ತೊಟ್ಟಿಗೆ ಮನೆಯ ತೊಟ್ಟಿಗಿಲ್ಲದ ಒಂದು ಗುಣವಿದೆ. ದೊಡ್ಡ ತೊಟ್ಟಿಯಿಂದ ಪ್ರತಿದಿನ ಸಂಜೆ 500 ಲೀಟರನ್ನು ಒಂದು ಚಿಕ್ಕ ದಿನತೊಟ್ಟಿಗೆ ಏರಿಸಿ, ಅಲ್ಲೇ ಕ್ಲೋರಿನ್ ಹಾಕಿ, ಬೆಳಿಗ್ಗೆ ಮನೆಗೆ 25 ಲೀಟರಿನಂತೆ ಬಿಡಬಹುದು. ಹೀಗೆ ಮಾಡಿದರೆ ಶುದ್ಧೀಕರಣವೂ ಪಾಲು ಹಂಚಿಕೆಯೂ ಒಂದೇ ಕೆಲಸವಾಗುತ್ತದೆ. ದೊಡ್ಡ ತೊಟ್ಟಿಗೆ ನೇರವಾಗಿ ನಳ ಕೂಡಿಸಿದ ಕಡೆ ನೀರು ಶಿವರಾತ್ರಿಗೇ ತಳ ಕಾಣುತ್ತದೆ. ಒಂದು ನಳ ಸೆಕೆಂಡಿಗೆ ಒಂದು ಹನಿ ಸೋರಿದರೂ ದಿನಕ್ಕೆ ಐದಾರು ಲೀಟರ್, ಅಂದರೆ ಒಬ್ಬರ ಪಾಲು.

ತೊಟ್ಟಿಯೊಳಗೆ ಗುರುತು ಹಾಕಿದ ಕೋಲೊಂದಿರಲಿ. ಸಂಕ್ರಾಂತಿಗೆ ಐದರಲ್ಲಿ ಮೂರು ಪಾಲು, ಯುಗಾದಿಗೆ ಮೂರರಲ್ಲಿ ಒಂದು ಪಾಲು ಉಳಿದಿರಬೇಕು. ಕಡಿಮೆಯಿದ್ದರೆ ಅವತ್ತೇ ಪಾಲು ಇಳಿಸಿ, ಮೇ ತನಕ ಕಾಯಬೇಡಿ. ಬೀಗದ ಕೈ ಇಬ್ಬರ ಬಳಿ ಇರಲಿ. ಒಬ್ಬರ ಬಳಿಯೇ ಇದ್ದರೆ ಅವರು ಊರಿಗೆ ಹೋದ ದಿನ ಕೇರಿಯೆಲ್ಲ ಬಾಯಾರುತ್ತದೆ.

ಯಾವ ತೊಟ್ಟಿ

ಪ್ಲಾಸ್ಟಿಕ್ ತೊಟ್ಟಿ, ಜನ ಯಾವ ಕಂಪನಿಯದಾದರೂ ಸಿಂಟೆಕ್ಸ್ ಎಂದೇ ಕರೆಯುವಂಥದ್ದು, ಒಂದೇ ದಿನದಲ್ಲಿ ಕೂರುತ್ತದೆ. ವಾಹನ ಹತ್ತುವ ಫೆರಿಯಿರುವ ದಿವಾಡಿ, ಚೊಡಣಗಳಿಗೆ 5,000 ಲೀಟರಿನದನ್ನು ಟೆಂಪೋದಲ್ಲೇ ಒಯ್ಯಬಹುದು. ಐಎಸ್ 12701 ಎಂಬ ಭಾರತೀಯ ಮಾನಕದ ಗುರುತು ನೋಡಿ ಕೊಳ್ಳಿ. ಇದು ಹಾಳಾಗುವುದು ಹೆಚ್ಚಾಗಿ ತನ್ನ ದೋಷದಿಂದಲ್ಲ, ಅಡಿಪಾಯದ ದೋಷದಿಂದ. ಕೆಮ್ಮಣ್ಣು ತುಂಬಿ ಮಟ್ಟ ಮಾಡಿದ ನೆಲದ ಮೇಲೆ ಕೂರಿಸಿದರೆ ಮೊದಲ ಮಳೆಗಾಲದಲ್ಲೇ ಒಂದು ಕಡೆ ಕುಸಿದು, 5 ಟನ್ ಭಾರವೆಲ್ಲ ಹೊರಕೊಳವೆಯ ಜೋಡಣೆಯ ಮೇಲೆ ಬಿದ್ದು ಅಲ್ಲಿ ಸೀಳುತ್ತದೆ. ಸೀಳಿದ ಮೇಲೆ ಹಾಕುವ ತೇಪೆ ಬಹುದಿನ ನಿಲ್ಲುವುದಿಲ್ಲ. 100 ಮಿ.ಮೀ. ಕಾಂಕ್ರೀಟ್ ಹಾಸು, ತೊಟ್ಟಿಗಿಂತ ಅರ್ಧ ಅಡಿ ಅಗಲವಾಗಿ, ಕಡ್ಡಾಯ. ಮೇಲೆ ನೆರಳಿಲ್ಲದಿದ್ದರೆ ಏಪ್ರಿಲ್ ಮಧ್ಯಾಹ್ನದ ನೀರು ಕೈಗೆ ಬಿಸಿ ತಾಗುತ್ತದೆ, ಕ್ಲೋರಿನ್ ಬೇಗ ಹಾರುತ್ತದೆ.

ಫೆರೋಸಿಮೆಂಟ್ ತೊಟ್ಟಿಯೇ, ಅಂದರೆ ತಂತಿ ಜಾಲರಿಗೆ ಸಿಮೆಂಟು ಗಾರೆ ಮೆತ್ತಿ ಕಟ್ಟುವ ತೊಟ್ಟಿಯೇ, ದ್ವೀಪಕ್ಕೆ ಹೆಚ್ಚು ಒಗ್ಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಆದರೆ ಕೆಲಸ ಬಲ್ಲ ಗೌಂಡಿ ಸಿಕ್ಕರೆ ಮಾತ್ರ. 2.5 ಮೀಟರ್ ವ್ಯಾಸ, 2.1 ಮೀಟರ್ ಎತ್ತರದ್ದು 10,000 ಲೀಟರ್ ಹಿಡಿಯುತ್ತದೆ. ಬೆಸುಗೆ ಜಾಲರಿಯ ಎರಡೂ ಬದಿಗೆ ಕೋಳಿಜಾಲರಿ ಬಿಗಿದು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯನ್ನು ಒಟ್ಟು 35 ಮಿ.ಮೀ. ದಪ್ಪಕ್ಕೆ ಮೆತ್ತಬೇಕು. ತಳ, ಗೋಡೆ, ಮುಚ್ಚಿಗೆ ಸೇರಿ 12ರಿಂದ 14 ಚೀಲ ಸಿಮೆಂಟು. ಎಲ್ಲ ಸಾಮಾನನ್ನೂ ಸಣ್ಣ ದೋಣಿಯಲ್ಲಿ ಬಿಡಿಬಿಡಿಯಾಗಿ ತರಬಹುದು. ಮಳೆನೀರು ಸ್ವಲ್ಪ ಹುಳಿಗುಣದ್ದು. ಸಿಮೆಂಟಿನ ಗೋಡೆ ಅದನ್ನು ತಗ್ಗಿಸುತ್ತದೆ. ಬಿರುಕನ್ನು ಊರಿನವರೇ ಮುಚ್ಚಬಹುದು.

ಇದು ಕೆಡುವುದು ಉಪ್ಪಿನಿಂದ. ದಂಡೆಯ ಮರಳು ಹತ್ತಿರದಲ್ಲೇ ಪುಕ್ಕಟೆ ಸಿಗುತ್ತದೆಂದು ಬಳಸಿದರೆ, ಅಥವಾ ಗಾರೆಗೆ ಸವಳು ಬಾವಿಯ ನೀರು ಬೆರೆಸಿದರೆ, ಒಳಗಿನ ಜಾಲರಿ ತುಕ್ಕು ಹಿಡಿದು ಉಬ್ಬಿ ಕೆಲವೇ ವರ್ಷಗಳಲ್ಲಿ ಗಾರೆ ಹಪ್ಪಳದಂತೆ ಏಳುತ್ತದೆ. ಗಾರೆ ಕಲಸಲೂ ಆಮೇಲೆ ಎರಡು ವಾರ ನೀರುಣಿಸಲೂ ಸಿಹಿನೀರೇ ಬೇಕು. ಆದ್ದರಿಂದ ಕೆಲಸವನ್ನು ಮೇ ತಿಂಗಳಿಗೆ ಇಟ್ಟುಕೊಳ್ಳಬೇಡಿ, ದೀಪಾವಳಿ ಮುಗಿದ ಮೇಲೆ ಬಾವಿಯಲ್ಲಿ ಸಿಹಿನೀರು ಇರುವಾಗಲೇ ಮುಗಿಸಿ. ಹೊಸ ಸಿಮೆಂಟು ತೊಟ್ಟಿಯ ಮೊದಲ ತುಂಬನ್ನು ಚೆಲ್ಲಬೇಕು, ಸುಣ್ಣದ ರುಚಿ ಇರುತ್ತದೆ.

ನೆಲದಡಿಯ ಕಾಂಕ್ರೀಟ್ ಸಂಪು ಪೇಟೆಯವರ ಮೊದಲ ಆಯ್ಕೆ. ನೀರು ತಂಪು, ಬೆಳಕಿಲ್ಲದ್ದರಿಂದ ಪಾಚಿಯಿಲ್ಲ, ಅಂಗಳ ಖಾಲಿ ಉಳಿಯುತ್ತದೆ. ದ್ವೀಪದ ತಗ್ಗಿನಲ್ಲಿ ಮಾತ್ರ ಬೇಡವೇ ಬೇಡ. ಮಳೆಗಾಲದಲ್ಲಿ ಅಂತರ್ಜಲ ಮೇಲೆದ್ದಾಗ ಖಾಲಿ ಸಂಪನ್ನು ಕೆಳಗಿನಿಂದ ಎತ್ತುತ್ತದೆ, ತಳ ಬಿರಿಯುತ್ತದೆ. ಮೇಲಿನ ತೊಟ್ಟಿ ಸೋರಿದರೆ ಕಣ್ಣಿಗೆ ಕಾಣುತ್ತದೆ. ಸಂಪು ಸೋರಿದರೆ ಸವಳು ನೀರೋ, ಪಕ್ಕದ ಶೌಚಗುಂಡಿಯ ನೀರೋ ಸದ್ದಿಲ್ಲದೆ ಒಳಗೆ ಬರುತ್ತದೆ. ಇದ್ದದ್ದನ್ನೇ ಬಳಸಬೇಕಾಗಿದ್ದರೆ ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮಾಪಕ ಒಂದು ಇಟ್ಟುಕೊಳ್ಳಿ. ಮಳೆನೀರಿನ ಅಂಕಿ ಸಾಮಾನ್ಯವಾಗಿ 50ರೊಳಗೆ, ಸಿಮೆಂಟಿನಲ್ಲಿ ನಿಂತು ತುಸು ಏರಬಹುದು. ತಿಂಗಳಿಂದ ತಿಂಗಳಿಗೆ ಏರುತ್ತಾ 200 ದಾಟಿತೆಂದರೆ ಹೊರನೀರು ನುಗ್ಗುತ್ತಿದೆ. ಜಂಬಿಟ್ಟಿಗೆ ಕಲ್ಲಿನ ದಿಣ್ಣೆಯ ಮೇಲೆ, ಶೌಚಗುಂಡಿಯಿಂದ 15 ಮೀಟರಾದರೂ ದೂರ, ಬಾಯಿಯ ಕಟ್ಟೆ ನೆಲದಿಂದ ಒಂದಡಿ ಎತ್ತರವಿದ್ದರೆ ಒಪ್ಪಬಹುದು.

ಬಾವಿಗೆ ಮಳೆನೀರು ಇಳಿಸುವುದನ್ನು ಹಲವರು ನಾಲ್ಕನೆಯ ಆಯ್ಕೆ ಎನ್ನುತ್ತಾರೆ. ಚಿಕ್ಕ ದ್ವೀಪದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ಪದರ. ಸಮುದ್ರಮಟ್ಟಕ್ಕಿಂತ ಅದು ಒಂದು ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ಇಳಿದಿರುತ್ತದೆ ಎಂಬುದು ಗೈಬೆನ್–ಹರ್ಟ್ಸ್‌ಬರ್ಗ್ ಲೆಕ್ಕ. ತಿರುವಿ ಓದಿದರೆ, ಪಂಪು ಹಚ್ಚಿ 10 ಸೆಂ.ಮೀ. ಇಳಿಸಿದರೆ ಉಪ್ಪುನೀರು ಕಾಲಕ್ರಮದಲ್ಲಿ 4 ಮೀಟರ್ ಮೇಲೇರಬಹುದು. ಅದಲ್ಲದೆ ಜಂಬಿಟ್ಟಿಗೆ ಕಲ್ಲು ಜರಡಿಯಂಥದ್ದು. ಜುಲೈಯಲ್ಲಿ ಬಾಯಿ ತನಕ ತುಂಬಿದ ಬಾವಿ ಬೇಸಿಗೆ ಬರುವ ಮೊದಲೇ ಹೊಳೆಗೆ ಬಸಿದಿರುತ್ತದೆ. ತೊಟ್ಟಿ ತುಂಬಿ ಹೊರಚೆಲ್ಲುವ ನೀರನ್ನು ಬಾವಿಗೆ ಬಿಡಿ, ಬಳಕೆಗೆ ಒಳ್ಳೆಯದು. ಕುಡಿಯುವ ನೀರನ್ನು ಮಾತ್ರ ಅದರ ಪಾಲಿಗೆ ಬಿಡಬೇಡಿ.

ಮಾಡು

ಮಂಗಳೂರು ಹೆಂಚು ಚೆನ್ನ, ಪಾಚಿ ತೆಗೆದಿರಬೇಕು. ಬಣ್ಣ ಬಳಿದ ಹೆಂಚಾದರೆ ಒಂದು ಮಳೆಗಾಲ ಬಿಟ್ಟು ಹಿಡಿಯಿರಿ. ಸತುವಿನ ಲೇಪದ ತಗಡು ಬಿಸಿಲಿಗೆ ಕಾದು ಸ್ವಚ್ಛವಾಗುತ್ತದೆ, ಉಪ್ಪುಗಾಳಿಗೆ ಮೊಳೆಯ ತೂತಿನಿಂದ ತುಕ್ಕು ಶುರುವಾಗುತ್ತದೆ. ಹಳೆಯ ಸಿಮೆಂಟು ಶೀಟು, ಅಂದರೆ ಆಸ್‌ಬೆಸ್ಟಾಸ್ ಬೆರೆತದ್ದು, ಪುಡಿಯುದುರುತ್ತಿದ್ದರೆ ಬೇರೆ ಮಾಡು ಹುಡುಕಿ. ಅದನ್ನು ತಿಕ್ಕಿ ತೊಳೆಯಲು ಹೋಗಲೇಬೇಡಿ, ಎಳೆಗಳು ಗಾಳಿಗೆ ಏಳುತ್ತವೆ. ಗರಿಯ ಮಾಡಿನ ನೀರು ಕುಡಿಯಲು ಬೇಡ.

ಮೊದಲ ನೀರು ಮತ್ತು ಸೋಸುವುದು

ಮಳೆನೀರು ಕೆಡುವುದು ಆಕಾಶದಲ್ಲಲ್ಲ, ಮಾಡಿನ ಮೇಲೆ: ಕಾಗೆ, ನೀರುಕಾಗೆಗಳ ಹಿಕ್ಕೆ, ಗೋಡಂಬಿ, ಮಾವಿನ ಎಲೆ, ಸಮುದ್ರದ ಕಡೆಗಾದರೆ ಉಪ್ಪಿನ ಪುಡಿ. ಮೃಗಶಿರಾದ ಮೊದಲ ಎರಡು-ಮೂರು ದೊಡ್ಡ ಮಳೆಯನ್ನು ಕುಡಿಯಲು ಹಿಡಿಯಲೇಬೇಡಿ. ಆಮೇಲೆ ಪ್ರತಿ ಮಳೆಯ ಮೊದಲ 1 ಮಿ.ಮೀ. ಹೊರಹಾಕಬೇಕು, 50 ಚದರ ಮೀಟರಿಗೆ 50 ಲೀಟರ್. ಇದಕ್ಕೆ ಎರಡು ದಾರಿ. ಕೈಯಿಂದ ತಿರುಗಿಸುವ ಕವಾಟ ಅಗ್ಗ, ಆದರೆ ರಾತ್ರಿ ಎರಡಕ್ಕೆ ಮಳೆ ಬಂದರೆ ಯಾರು ಎದ್ದು ತಿರುಗಿಸುತ್ತಾರೆ? ಇನ್ನೊಂದು, ಕೆಳಗೆ ಮುಚ್ಚಿದ ಲಂಬ ಕೊಳವೆ. ಮೊದಲ ನೀರು ಅದರಲ್ಲಿ ತುಂಬಿ ನಿಂತ ಮೇಲೆ ಉಳಿದದ್ದು ತೊಟ್ಟಿಗೆ ಹೋಗುತ್ತದೆ. 110 ಮಿ.ಮೀ. ಕೊಳವೆ ಮೀಟರಿಗೆ ಸುಮಾರು 8.5 ಲೀಟರ್ ಹಿಡಿಯುತ್ತದೆ, 160 ಮಿ.ಮೀ.ಯದು 18 ಲೀಟರ್. ಅಂದರೆ 50 ಲೀಟರಿಗೆ 160ರದು ಮೂರು ಮೀಟರಿಗೆ ಒಂದಿಷ್ಟು ಕಡಿಮೆ. ಅನೇಕರು 110ರ ಒಂದೂವರೆ ಮೀಟರ್ ತುಂಡು ಹಾಕಿ ಕೆಲಸವಾಯಿತು ಎಂದುಕೊಳ್ಳುತ್ತಾರೆ. ಅದು ಹಿಡಿಯುವುದು ಹದಿಮೂರು ಲೀಟರ್, ಹಿಕ್ಕೆಯ ಮುಕ್ಕಾಲು ಪಾಲು ತೊಟ್ಟಿಗೇ.

ಆ ಕೊಳವೆಯ ತಳದಲ್ಲಿ 3 ಮಿ.ಮೀ. ತೂತು ಬೇಕು, ಮಳೆ ನಿಂತ ಮೇಲೆ ತಾನೇ ಬಸಿದು ಮುಂದಿನ ಮಳೆಗೆ ಖಾಲಿಯಾಗಲು. ಅದು ಕೆಸರಿನಿಂದ ಕಟ್ಟಿಕೊಂಡರೆ ಕೊಳವೆ ತುಂಬಿಯೇ ಇರುತ್ತದೆ, ಮುಂದಿನ ಕೊಳೆಯೆಲ್ಲ ನೇರ ಒಳಗೆ. ವಾರಕ್ಕೊಮ್ಮೆ ತಳದ ಬಿರಟೆ ಬಿಚ್ಚಿ ತೊಳೆಯಬೇಕು. ಕವಾಟವೋ ಕೊಳವೆಯೋ ಎಂದರೆ ಕೊಳವೆಯೇ ಮೇಲು.

ಮರಳು, ಜಲ್ಲಿ, ಇದ್ದಿಲು ತುಂಬಿದ ಡ್ರಮ್ಮಿನ ಸೋಸುಕವನ್ನು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಕರಾವಳಿಯಲ್ಲಿ ಅದು ಯಾಕೆ ಸೋಲುತ್ತದೆ ನೋಡಿ. 100 ಚದರ ಮೀಟರಿನ ಮಾಡಿನ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಸುರಿದರೆ 4,000 ಲೀಟರ್ ಬರುತ್ತದೆ. 200 ಲೀಟರಿನ ಡ್ರಮ್ಮಿನ ಮರಳು ಗಂಟೆಗೆ 1,300 ಲೀಟರ್ ಇಳಿಸಿದರೆ ಹೆಚ್ಚು. ನೀರು ಅಂಚು ದಾಟಿ ಚೆಲ್ಲುತ್ತದೆ, ನೋಡಿದವರು ಹೊಟ್ಟೆಯುರಿದು ಮರಳನ್ನೇ ತೆಗೆದುಹಾಕುತ್ತಾರೆ. ತೊಟ್ಟಿಗೆ ಮುಂಚೆ ಜಾಲರಿ ಸೋಸುಕ ಸಾಕು. ಬೆಂಗಳೂರಿನಲ್ಲಿ ಎ.ಆರ್. ಶಿವಕುಮಾರ್ ರೂಪಿಸಿದ ‘ಪಾಪ್ ಅಪ್’ ಸೋಸುಕದಂಥದ್ದೂ ಸರಿ, ಅದು ಕಸ ಕಟ್ಟಿದಾಗ ಮೇಲೆದ್ದು ನೀರಿಗೆ ದಾರಿ ಬಿಡುತ್ತದೆ. ನುಣುಪಾದ ಸೋಸುವಿಕೆ ತೊಟ್ಟಿಯ ಆಚೆ, ದಿನದ ನೀರಿಗೆ ಮಾತ್ರ ಇರಲಿ.

ಸೂರಿನ ದೋಣಿಗೆ, ಕರಾವಳಿಯವರ ಮಾತಿನಲ್ಲಿ ದಂಬೆಗೆ, 160 ಮಿ.ಮೀ. ಪಿವಿಸಿ ಕೊಳವೆಯನ್ನು ಉದ್ದಕ್ಕೆ ಸೀಳಿದರೆ 50 ಚದರ ಮೀಟರಿನ ಇಳಿಜಾರಿಗೆ ಸಾಲುತ್ತದೆ. ಮೀಟರಿಗೆ 1 ಸೆಂ.ಮೀ. ಇಳುಕಲು ಕೊಡಿ. ಹೊರಚೆಲ್ಲುವ ಕೊಳವೆ ಒಳಬರುವ ಕೊಳವೆಯಷ್ಟೇ ದಪ್ಪವಿರಬೇಕು. ಮುಂಬೈಯ ಸಾಂತಾಕ್ರೂಜ್‌ನಲ್ಲಿ 2005ರ ಜುಲೈ 26ರಂದು ಬಿದ್ದ 944 ಮಿ.ಮೀ. ಮಳೆ 50 ಚದರ ಮೀಟರಿನ ಮಾಡಿಗೆ ಒಂದೇ ದಿನ 47,000 ಲೀಟರ್ ಸುರಿಸುವಂಥದ್ದು. ಅದು ಹೋಗಲು ದಾರಿ ಇಲ್ಲದಿದ್ದರೆ ತೊಟ್ಟಿಯ ಬುಡದ ಮಣ್ಣು ಕೊಚ್ಚಿಹೋಗುತ್ತದೆ. ಆ ಕೊಳವೆಯ ಬಾಯಿಗೂ 1 ಮಿ.ಮೀ. ಸ್ಟೀಲ್ ಜಾಲರಿ ಕಟ್ಟಿ. ನೈಲಾನ್ ಜಾಲರಿಯನ್ನು ಇಲಿ ಕಡಿಯುತ್ತದೆ.

ಕುಡಿಯುವ ಮುನ್ನ

ಕುಡಿಯುವ ನೀರಿನ ಐಎಸ್ 10500 ಹೇಳುವುದು ನೇರವಾಗಿದೆ: 100 ಮಿ.ಲೀ. ನೀರಿನಲ್ಲಿ ಇ. ಕೋಲೈ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಇರಬಾರದು, ಕ್ಲೋರಿನ್ ಹಾಕಿದ್ದರೆ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಉಳಿದಿರಬೇಕು. ಮನೆಯ ತೊಟ್ಟಿಯ ನೀರಿಗೆ ಕುದಿಸುವುದೇ ಸರಿ, ಚೆನ್ನಾಗಿ ಕೊತಕೊತ ಕುದಿ ಬಂದು ಒಂದು ನಿಮಿಷ. ಸಾಮೂಹಿಕ ದಿನತೊಟ್ಟಿಗೆ ಬ್ಲೀಚಿಂಗ್ ಪುಡಿ: 500 ಲೀಟರಿಗೆ 4 ಗ್ರಾಂ, ಸುಮಾರು ಒಂದು ಸಪಾಟು ಟೀ ಚಮಚ. ಬಕೆಟ್ಟಿನಲ್ಲಿ ಕರಗಿಸಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬೆರೆಸಿ, ಅರ್ಧ ಗಂಟೆಯಾದರೂ ಬಿಡಿ. ಕಡಲ ತೇವಕ್ಕೆ ಪುಡಿ ಬೇಗ ಸತ್ತುಹೋಗುತ್ತದೆ. ಗಂಟುಗಟ್ಟಿದ್ದು, ಮೂಗಿಗೆ ಘಾಟು ಹೊಡೆಯದ್ದು ಕೆಲಸಕ್ಕೆ ಬಾರದು. ದೊಡ್ಡ ಚೀಲ ಅಗ್ಗವೆಂದು ತರದೆ ಚಿಕ್ಕ ಪೊಟ್ಟಣ ತನ್ನಿ. ಇಡೀ ವರ್ಷದ ನೀರಿಗೆ ಅಕ್ಟೋಬರಿನಲ್ಲೇ ಒಮ್ಮೆ ಹಾಕಿಟ್ಟರೆ ಉಪಯೋಗವಿಲ್ಲ, ಕೆಲವೇ ದಿನಗಳಲ್ಲಿ ಹಾರಿಹೋಗುತ್ತದೆ.

ಪಾರದರ್ಶಕ ಪೆಟ್ ಬಾಟಲಿಯಲ್ಲಿ ತುಂಬಿ ಆರು ಗಂಟೆ ಬಿಸಿಲಿಗೆ ಇಡುವ ಉಪಾಯ ನವೆಂಬರಿನಿಂದ ಮೇ ತನಕ ನಡೆಯುತ್ತದೆ, ಮಳೆಗಾಲದಲ್ಲಿ ನಂಬಬೇಡಿ. ಆರ್‌ಒ ಯಂತ್ರ ಇಲ್ಲಿ ದಂಡದ ಖರ್ಚು. ತೆಗೆಯಲು ಉಪ್ಪೇ ಇಲ್ಲದ ನೀರಿನಲ್ಲಿ ಅದು ಅರ್ಧಕ್ಕಿಂತ ಹೆಚ್ಚನ್ನು ಚರಂಡಿಗೆ ಬಿಡುತ್ತದೆ. ಮಳೆನೀರಿನಲ್ಲಿ ಖನಿಜವಿಲ್ಲ, ಮೂಳೆಗೆ ಕೇಡು ಎಂಬ ಹೆದರಿಕೆಯೂ ಬೇಡ, ಖನಿಜ ಊಟದಿಂದ ಬರುತ್ತದೆ. ಬೋರ್‌ವೆಲ್ಲಿನ ಫ್ಲೋರೈಡ್ ಕುಡಿದು ಹಲ್ಲು ಕಂದಿದ ಸೀಮೆಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಚ್2ಎಸ್ (ಹೈಡ್ರೋಜನ್ ಸಲ್ಫೈಡ್) ಪರೀಕ್ಷೆಯ ಚಿಕ್ಕ ಶೀಶೆಯಲ್ಲಿ ನೀರು ತುಂಬಿ ಬೆಚ್ಚನೆಯ ಜಾಗದಲ್ಲಿಡಿ. 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಮಲದ ಸೋಂಕಿನ ಗುಮಾನಿ. ಮೊದಲು ಮುಚ್ಚಳ, ಜಾಲರಿ ನೋಡಿ, ಆಮೇಲೆ ಕ್ಲೋರಿನ್. ಇದನ್ನು ತೊಟ್ಟಿ ತುಂಬಿದ ಮೇಲೊಮ್ಮೆ, ಜನವರಿಯಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ ಮಾಡಿದರೆ ಸಾಕು. ಕ್ಲೋರಿನ್ ಹಾಕಿದ ನೀರಿನಲ್ಲಿ ಈ ಪರೀಕ್ಷೆ ಸುಳ್ಳು ಸಮಾಧಾನ ಕೊಡುತ್ತದೆ, ಹಾಕುವ ಮುಂಚಿನ ನೀರನ್ನೇ ತೆಗೆದುಕೊಳ್ಳಿ.

ಯಾರಿಗೆ ಯಾವುದು

ದಿವಾಡಿ, ಚೊಡಣದಂಥ ಕಡೆ ದಿಣ್ಣೆಯ ಮೇಲೆ ಹೆಂಚಿನ ಶಾಲೆಯೋ ಗುಡಿಯೋ ಇದ್ದು, ಹದಿನೈದಿಪ್ಪತ್ತು ಮನೆ ಕೂಗಳತೆಯಲ್ಲಿದ್ದರೆ ಸಾಮೂಹಿಕ ಜೋಡಿ ತೊಟ್ಟಿ ಮತ್ತು ದಿನತೊಟ್ಟಿ. ಖೋಲಿಯವರಿಗೂ ಪಾಲು ಸಿಗುವುದು ಈ ವ್ಯವಸ್ಥೆಯಲ್ಲೇ, ಅದಕ್ಕೆ ಶುರುವಿನಲ್ಲೇ ಬಾಡಿಗೆದಾರರ ಹೆಸರನ್ನೂ ಪಟ್ಟಿಯಲ್ಲಿ ಬರೆಸಿ. ಮನೆಗಳು ತೋಟದೊಳಗೆ ಚದುರಿದ್ದರೆ ಸಾಮೂಹಿಕದ ಆಸೆ ಬಿಡಿ. ಅರ್ಧ ಕಿಲೋಮೀಟರ್ ಕೊಡ ಹೊರುವವರು ಒಂದು ತಿಂಗಳಲ್ಲೇ ಹತ್ತಿರದ ಬಾವಿಗೆ ಮರಳುತ್ತಾರೆ. ಅಲ್ಲಿ ಮನೆಗೊಂದು 7,500 ಲೀಟರಿನ ಫೆರೋಸಿಮೆಂಟ್, ಎರಡು ಮನೆ ಕೂಡಿದರೆ ಇನ್ನೂ ಅಗ್ಗ.

ಮುಂಬೈ ಬಂದರಿನ ಘಾರಾಪುರಿ, ಎಲಿಫೆಂಟಾ ಎಂದು ಎಲ್ಲರೂ ಕರೆಯುವ ದ್ವೀಪದಂಥ ಕಡೆ ಮಾತು ಬೇರೆ. ಸಾಮಾನೆಲ್ಲ ಬೋಟಿನಲ್ಲಿ ಬರಬೇಕು. ಅಲ್ಲಿಗೆ ವಿದ್ಯುತ್ ಜಾಲ ತಲುಪಿದ್ದೇ 2018ರಲ್ಲಿ. ಇಂಥ ದ್ವೀಪದಲ್ಲಿ ಪಂಪಿಗೆ ಕಾಯುವ ಸಂಪಿಗಿಂತ, ಇಳಿಜಾರನ್ನೇ ಬಳಸಿಕೊಂಡು ಮನೆಯ ಮಾಡಿಗಿಂತ ಕೆಳಗೆ, ನಳಕ್ಕಿಂತ ಮೇಲೆ ಕೂರುವ ಚಿಕ್ಕ ತೊಟ್ಟಿಗಳು ಒಳ್ಳೆಯವು. ನಳದ ಕೆಳಗೆ ಕೊಡ ಇಡಲು ಒಂದೂವರೆ ಅಡಿ ಬಿಡಿ. ಮಂಗಗಳ ಕಾಟವೂ ಅಲ್ಲಿದೆ. ಪ್ಲಾಸ್ಟಿಕ್ ಮುಚ್ಚಳವನ್ನು ಅವು ಆರಾಮಾಗಿ ತಿರುಗಿಸಿ ತೆಗೆಯುತ್ತವೆ, ಸೂರಿನ ದೋಣಿಯ ಕೊಕ್ಕೆಗೆ ನೇತಾಡುತ್ತವೆ. ಆದ್ದರಿಂದ ಸರಪಳಿ ಹಾಕಿದ ಸಿಮೆಂಟಿನ ಮುಚ್ಚಳ, ಎರಡು ಅಡಿಗೊಂದರಂತೆ ಕಬ್ಬಿಣದ ಪಟ್ಟಿಯ ಕೊಕ್ಕೆ, ಮತ್ತು ಕೊಳವೆಯ ಬಾಗುಗಳಿಗೆ ಅಂಟಿನ ಜೊತೆಗೆ ತಿರುಪು.